ಗಣಕದಲ್ಲಿ ಉಳಿದುಹೋದ ದಶಕ

1957ರಲ್ಲಿ ಕುವೆಂಪು ಅವರ ಅಧ್ಯಕ್ಷತೆಯಲ್ಲಿ ಧಾರವಾಡದಲ್ಲಿ ನೆರೆದ ಸಾಹಿತ್ಯ ಸಮ್ಮೇಳನಕ್ಕೆ ಹೋಗಿಬಂದವರ ಮನೆಗಳಲ್ಲಿ ಆ ನೆನಪಿಗೆ ಒಂದೆರಡು ಕಪ್ಪು–ಬಿಳುಪಿನ ಚಿತ್ರಗಳಿದ್ದರೆ ಅದೇ ದೊಡ್ಡದು, 1990ರಲ್ಲಿ ಆರ್. ಸಿ. ಹಿರೇಮಠರು ಅಧ್ಯಕ್ಷರಾಗಿದ್ದ ಹುಬ್ಬಳ್ಳಿಯ ಸಮ್ಮೇಳನದ ಕಾಲಕ್ಕೆ ಬಣ್ಣದ ರೀಲು ಮನೆಮನೆಗೆ ಬಂದು, ಸ್ಟುಡಿಯೋದಲ್ಲಿ ತೊಳೆಸಿದ ಚಿತ್ರಗಳು ಪ್ಲಾಸ್ಟಿಕ್ ಹಾಳೆಯ ಆಲ್ಬಮ್ಮುಗಳನ್ನು ಸೇರತೊಡಗಿದ್ದವು. 2019ರ ಜನವರಿಯಲ್ಲಿ ಚಂದ್ರಶೇಖರ ಕಂಬಾರರ ಅಧ್ಯಕ್ಷತೆಯಲ್ಲಿ ಮತ್ತೆ ಧಾರವಾಡದಲ್ಲಿಯೇ ಸಮ್ಮೇಳನ ಜರುಗಿದಾಗಲಾದರೋ ವೇದಿಕೆಯ ಮೇಲಿನವರಿಗೆ ಸಭಿಕರ ಮುಖಗಳಿಗಿಂತ ಅವರು ಎತ್ತಿ ಹಿಡಿದ ಮೊಬೈಲುಗಳೇ ಹೆಚ್ಚಾಗಿ ಕಂಡಿರಬೇಕು. ಕಾಗದದ ಮೇಲಿನವು ಕಪಾಟಿನಲ್ಲಿವೆ, ಮೊಬೈಲಿನವು ಜೇಬಿನಲ್ಲಿವೆ. ಇವೆರಡಕ್ಕೂ ನಡುವೆ, ಸ್ಥೂಲವಾಗಿ 2002ರಿಂದ 2013ರವರೆಗಿನ ಹತ್ತು ಹನ್ನೆರಡು ವರ್ಷಗಳ ಅವಧಿಯಲ್ಲಿ ನಮ್ಮ ಹುಬ್ಬಳ್ಳಿ–ಧಾರವಾಡ ಅವಳಿ ನಗರದ ಮಧ್ಯಮ ವರ್ಗದ ಕುಟುಂಬಗಳು ತೆಗೆದುಕೊಂಡ ಅಸಂಖ್ಯ ಚಿತ್ರಗಳು ಎಲ್ಲಿವೆ ಎಂದು ಕೇಳಿದರೆ, ಬಹುಮಂದಿ ಪಡಸಾಲೆಯ ಮೂಲೆಯತ್ತ ಬೆರಳು ತೋರಿಸುತ್ತಾರೆ. ಅಲ್ಲಿ ಬಟ್ಟೆ ಹೊದ್ದುಕೊಂಡು ಹಳೆಯ ಕಂಪ್ಯೂಟರು ಕುಳಿತಿರುತ್ತದೆ.

ಅದು ಡಿಜಿಟಲ್ ಕ್ಯಾಮೆರಾದ ಕಾಲ. ರೀಲಿನ ಮೂವತ್ತಾರು ಚಿತ್ರಗಳ ಮಿತಿಯಿಲ್ಲ, ತೊಳೆಸುವ ಖರ್ಚಿಲ್ಲ; ಆದುದರಿಂದ ಒಂದು ಜಾವಳದ ಕಾರ್ಯಕ್ಕೆ, ಒಂದು ಗೃಹಪ್ರವೇಶಕ್ಕೆ ನೂರಾರು ಚಿತ್ರಗಳು. ಕ್ಯಾಮೆರಾದ ಕಾರ್ಡು ತುಂಬಿದೊಡನೆ ಮನೆಯ ಹುಡುಗನೊಬ್ಬ ಅವನ್ನು ಕಂಪ್ಯೂಟರಿಗೆ ಇಳಿಸಿ, 'ನ್ಯೂ ಫೋಲ್ಡರ್' ಎಂಬ, ಅದೂ ಇದ್ದರೆ 'ನ್ಯೂ ಫೋಲ್ಡರ್ ಎರಡು' ಎಂಬ ನಿರ್ವಿಶೇಷ ನಾಮಧೇಯದ ಕೆಳಗೆ ಇಟ್ಟು, ಕಾರ್ಡನ್ನು ಬರಿದುಮಾಡಿ ಮುಂದಿನ ಸಮಾರಂಭಕ್ಕೆ ಅಣಿಯಾಗುತ್ತಿದ್ದ. ಪ್ರಿಂಟು ಹಾಕಿಸುವುದನ್ನು ಮುಂದೆ ನೋಡೋಣವೆಂದು ಬಿಟ್ಟದ್ದು ಹಾಗೆಯೇ ಉಳಿಯಿತು. ಮದುವೆಯ ಚಿತ್ರಗಳನ್ನು ಸ್ಟುಡಿಯೋದವರು ಕರಿಜ್ಮಾ ಆಲ್ಬಮ್ಮಿನೊಡನೆ 700 ಎಂಬಿಯ ಸಿಡಿಯಲ್ಲಿಯೋ, 4.7 ಜಿಬಿಯ ಡಿವಿಡಿಯಲ್ಲಿಯೋ ಕೊಟ್ಟರು. ಇಂದಿನ ಲ್ಯಾಪ್‌ಟಾಪುಗಳಲ್ಲಿ ಆ ತಟ್ಟೆಯನ್ನು ಇಡುವ ಸ್ಥಳವೇ ಇಲ್ಲ. ನಮ್ಮ ಊರಿನ ಗಾಯಕರ ಚಿತ್ರಗಳ ಕಥೆಯೂ ಇದೇ: ಮಲ್ಲಿಕಾರ್ಜುನ ಮನ್ಸೂರರು 1992ರಲ್ಲಿ ತೀರಿಕೊಂಡಾಗ ಅವರ ಅಭಿಮಾನಿಗಳ ಬಳಿ ಇದ್ದ ಚಿತ್ರಗಳೆಲ್ಲ ಫಿಲ್ಮಿನಿಂದ ಕಾಗದಕ್ಕಿಳಿದವು; ಗಂಗೂಬಾಯಿ ಹಾನಗಲ್ಲರು 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ಕಣ್ಮುಚ್ಚುವ ವೇಳೆಗೆ ಅವರ ಪಾದಕ್ಕೆರಗಿ ಪಕ್ಕದಲ್ಲಿ ಕುಳಿತವರ ಕೈಯಲ್ಲಿ ಡಿಜಿಟಲ್ ಕ್ಯಾಮೆರಾ ಬಂದಿತ್ತು. ಆ ತಾಯಿಯ ಕಡೆಯ ವರ್ಷಗಳ ಎಷ್ಟು ಮುಖಭಾವಗಳು ದೇಶಪಾಂಡೆ ನಗರ, ವಿದ್ಯಾನಗರ, ಮಾಳಮಡ್ಡಿ, ಸಪ್ತಾಪುರಗಳ ಮನೆಗಳಲ್ಲಿ ಚಾಲೂ ಆಗದ ಯಂತ್ರಗಳೊಳಗೆ ಸಿಕ್ಕಿಕೊಂಡಿವೆಯೋ ಬಲ್ಲವರಾರು?

ಈ ಯಂತ್ರಗಳನ್ನು ಬಲ್ಲ ಮಕ್ಕಳು ಬೆಂಗಳೂರು, ಪುಣೆ, ಇನ್ನೂ ಆಚೆಯ ದೇಶಗಳನ್ನು ಸೇರಿದ್ದಾರೆ. ಮನೆಯಲ್ಲಿ ಉಳಿದ ಹಿರಿಯರು ಕಂಪ್ಯೂಟರನ್ನು ಮರೆತು ಮೊಬೈಲನ್ನು ಮಾತ್ರ ಕಲಿತಿದ್ದಾರೆ. ಮನೆಗೆ ಸುಣ್ಣ–ಬಣ್ಣ ಮಾಡಿಸುವ ಹೊತ್ತಿಗೆ 'ಇದ್ಯಾಕ ಇನ್ನ, ಗುಜರಿಗೆ ಕೊಟ್ಟುಬಿಡ್ರಿ' ಎಂಬ ಮಾತು ಏಳುತ್ತದೆ. ಆಗ ಯಾರಿಗೋ ಒಳಗಿನ ಚಿತ್ರಗಳ ನೆನಪಾಗಿ, ಅವನ್ನು ಮೊಬೈಲಿಗೆ ಹಾಕಿಕೊಳ್ಳಬೇಕೆಂಬ ಬಯಕೆ ಹುಟ್ಟುತ್ತದೆ. ಬಯಕೆ ಸರ್ವಥಾ ಯೋಗ್ಯವಾದದ್ದು. ಅದನ್ನು ಈಡೇರಿಸಲು ನಾವು ಹಿಡಿದಿರುವ ಹಾದಿಯ ಬಗೆಗೆ ಮಾತ್ರ ನನ್ನ ತಕರಾರು. ಆ ಹಾದಿ ವಾಟ್ಸಾಪು.

ಕಂಪ್ಯೂಟರಿನಲ್ಲಿ ವಾಟ್ಸಾಪನ್ನು ತೆರೆದು, ಕುಟುಂಬದ ಗುಂಪಿಗೆ ಚಿತ್ರಗಳನ್ನು ರಾಶಿರಾಶಿಯಾಗಿ ಸುರಿದು, 'ಆತು, ಎಲ್ಲಾರ ಮೊಬೈಲಿಗೂ ಬಂದ್ವು' ಎಂದು ಕೈತೊಳೆದುಕೊಳ್ಳುವುದು ಎಷ್ಟು ಸುಲಭವೋ ಅಷ್ಟೇ ನಷ್ಟದಾಯಕ. ಆ ವ್ಯವಸ್ಥೆಯು ಚಿತ್ರವನ್ನು ಬೇಗನೆ ಮುಟ್ಟಿಸುವ ಸಲುವಾಗಿ ಅದನ್ನು ಕುಗ್ಗಿಸುತ್ತದೆ. ಸಾಮಾನ್ಯ ರೀತಿಯಲ್ಲಿ ಕಳುಹಿಸಿದರೆ ಚಿತ್ರದ ಉದ್ದನೆಯ ಬದಿಯು ಸುಮಾರು 1600 ಬಿಂದುಗಳಿಗೆ ಇಳಿಯುತ್ತದೆ. ಆ ಕಾಲದ ಎಂಟು ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರವು 3264ಕ್ಕೆ 2448 ಬಿಂದುಗಳ ಅಳತೆಯದು. ಅದು 1600ಕ್ಕೆ 1200 ಆದಾಗ ಉಳಿಯುವುದು ಕಾಲು ಭಾಗಕ್ಕಿಂತಲೂ ಕಡಿಮೆ. ಮದುಮಕ್ಕಳ ಮುಖಕ್ಕೆ ಇದರಿಂದ ಅಷ್ಟೇನೂ ಬಾಧೆಯಿಲ್ಲ, ಅವರು ನಡುವೆ ದೊಡ್ಡದಾಗಿ ನಿಂತಿರುತ್ತಾರೆ. ಬಾಧೆಯೆಲ್ಲ ಹಿಂದಿನ ಸಾಲಿನವರಿಗೆ: ಕಂಬದ ಮರೆಯಿಂದ ಇಣುಕಿದ ಸೋದರಮಾವನಿಗೆ, ಊಟದ ಪಂಕ್ತಿಯ ತುದಿಯಲ್ಲಿ ಬಗ್ಗಿ ಬಡಿಸುತ್ತಿದ್ದ ಅತ್ತೆಗೆ. ಅವರ ಚಿತ್ರ ಪ್ರಪಂಚದಲ್ಲಿ ಅದೊಂದೇ ಇದ್ದೀತು. ಬೆರಳುಗಳಿಂದ ಹಿಗ್ಗಿಸಿ ನೋಡಹೋದರೆ ಮುಖದ ಸ್ಥಾನದಲ್ಲಿ ಚೌಕಚೌಕದ ಮಬ್ಬು. 2023ರಲ್ಲಿ ಎಚ್‌ಡಿ ಎಂಬ ಆಯ್ಕೆಯೊಂದು ಬಂದಿದೆ, ಅದು ನಷ್ಟವನ್ನು ಕಡಿಮೆಮಾಡುತ್ತದೆಯೇ ವಿನಾ ನಿಲ್ಲಿಸುವುದಿಲ್ಲ. 'ಡಾಕ್ಯುಮೆಂಟ್' ಎಂಬ ದಾರಿಯಿಂದ ಕಳುಹಿಸಿದರೆ ಚಿತ್ರವು ಇದ್ದಂತೆಯೇ ಹೋಗುವುದೆಂಬುದು ನಿಜ. ಆದರೆ ಆ ದಾರಿಯನ್ನು ಬಲ್ಲವರು ವಿರಳ.

ಇದಕ್ಕಿಂತ ಘೋರವಾದ ನಷ್ಟವೊಂದಿದೆ, ಅದು ಕಣ್ಣಿಗೆ ಕಾಣದು. ಡಿಜಿಟಲ್ ಚಿತ್ರವೆಂದರೆ ಬಣ್ಣದ ಬಿಂದುಗಳಷ್ಟೇ ಅಲ್ಲ. ಯಾವ ವರ್ಷ, ಯಾವ ತಿಂಗಳು, ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ತೆಗೆದದ್ದು, ಯಾವ ಕ್ಯಾಮೆರಾದಿಂದ ತೆಗೆದದ್ದು ಎಂಬ ವಿವರಗಳನ್ನು ಕ್ಯಾಮೆರಾವು ಆ ಕಡತದ ಗರ್ಭದಲ್ಲಿಯೇ ಬರೆದಿಟ್ಟಿರುತ್ತದೆ. ನಮ್ಮ ಅಜ್ಜಂದಿರು ಚಿತ್ರದ ಬೆನ್ನಿಗೆ ಪೆನ್ಸಿಲಿನಿಂದ ತಾರೀಖು ಬರೆಯುತ್ತಿದ್ದುದನ್ನು ಯಂತ್ರವು ತಾನೇ ವಹಿಸಿಕೊಂಡಿತ್ತು. ವಾಟ್ಸಾಪಿನಿಂದ ಚಿತ್ರವಾಗಿ ಹೋಗುವಾಗ ಈ ಬರಹವು ಅಳಿಸಿಹೋಗುತ್ತದೆ. ಕಡತದ ಹೆಸರೂ ಬದಲಾಗಿ, ಐಎಮ್‌ಜಿ ಎಂದು ತೊಡಗಿ, ಮೊಬೈಲಿಗೆ ಬಂದು ಮುಟ್ಟಿದ ದಿನದ ಅಂಕಿಗಳನ್ನು ಹೊತ್ತು, ಡಬ್ಲ್ಯೂಎ ಎಂಬ ಅಕ್ಷರಗಳನ್ನು ಹಿಂಬಾಲಿಸುವ ಕ್ರಮಸಂಖ್ಯೆಯೊಡನೆ ಮುಗಿಯುತ್ತದೆ. ಪರಿಣಾಮವೇನೆಂದರೆ, 2006ರ ಉಪನಯನವೂ, 2010ರ ಸೀಮಂತವೂ, ನಿನ್ನೆ ಯಾರೋ ಕಳುಹಿಸಿದ 'ಶುಭೋದಯ'ದ ಗುಲಾಬಿ ಹೂವೂ ಒಂದೇ ದಿನದ ಘಟನೆಗಳಂತೆ ಒಂದರ ಪಕ್ಕದಲ್ಲೊಂದು ಸಾಲುಗಟ್ಟಿ ನಿಲ್ಲುತ್ತವೆ. ಕಾಲಕ್ರಮವನ್ನು ಕಳೆದುಕೊಂಡ ಕುಟುಂಬಚರಿತ್ರೆಯನ್ನು ಇನ್ನು ಇಪ್ಪತ್ತು ವರ್ಷಗಳ ಮೇಲೆ ಬಿಡಿಸಿ ಓದುವವರು ಯಾರು?

ಕ್ಯಾಮೆರಾದ ಗಡಿಯಾರವನ್ನು ಯಾರೂ ಸರಿಪಡಿಸದ ಮನೆಗಳೂ ಇದ್ದವು ಎಂದು ಪ್ರಾಮಾಣಿಕವಾಗಿ ಹೇಳಬೇಕು. ಬ್ಯಾಟರಿ ತೀರಿದಾಗಲೆಲ್ಲ ಅದು ತನ್ನ ಹುಟ್ಟಿದ ವರ್ಷದ ಜನವರಿ ಒಂದಕ್ಕೆ ಮರಳುತ್ತಿತ್ತು. ಅಂತಹ ಮನೆಯ ಚಿತ್ರಗಳನ್ನು ನಂಬಿದರೆ ಅವರು ಬನ್ನಿ ಮುಡಿದದ್ದೂ, ಹೋಳಿ ಆಡಿದ್ದೂ, ಮಗಳ ಮದುವೆ ಮಾಡಿದ್ದೂ ಹೊಸ ವರ್ಷದ ಮೊದಲ ದಿನವೇ! ಹಳೆಯ ಕಾಗದದ ಚಿತ್ರಗಳನ್ನು ಸ್ಕ್ಯಾನ್ ಮಾಡಿಸಿಟ್ಟವರ ಪಾಡೂ ಹೀಗೆಯೇ, ಸ್ಕ್ಯಾನ್ ಮಾಡಿದ ದಿನವೇ ಅಜ್ಜಿಯ ಧಾರೆಯ ದಿನವಾಗುತ್ತದೆ. ಇವನ್ನೆಲ್ಲ ಮೊಬೈಲಿನಲ್ಲಿಯೇ ತಾರೀಖು ತಿದ್ದಿ ಸರಿಪಡಿಸಬಹುದು. ತಿದ್ದಬೇಕಾದ ತಾರೀಖನ್ನು ಬಲ್ಲವರು ಮಾತ್ರ ಮನೆಯಲ್ಲಿರಬೇಕು.

ಹಾಗಾದರೆ ಯೋಗ್ಯವಾದ ಹಾದಿ ಯಾವುದು? ಹಿಂದೊಮ್ಮೆ ಶೇರ್‌ಇಟ್, ಝೆಂಡರ್ ಎಂಬ ಆಪುಗಳು ನಮ್ಮ ಪ್ರಾಂತದಲ್ಲಿ ಮನೆಮಾತಾಗಿದ್ದವು. ಕಲಘಟಗಿ, ಕುಂದಗೋಳ, ನವಲಗುಂದಗಳಿಂದ ಸಂತೆಗೆ ಬಂದು ಮೊಬೈಲ್ ಅಂಗಡಿಯಲ್ಲಿ ಕಾರ್ಡಿಗೆ ಹಾಡು ತುಂಬಿಸಿಕೊಂಡು ಹೋಗುತ್ತಿದ್ದ ತರುಣರು ಆ ಆಪುಗಳು ಬಂದ ಮೇಲೆ ಅಂಗಡಿಯ ಹಂಗನ್ನೇ ತೊರೆದಿದ್ದರು. 2020ರ ಜೂನ್ 29ರಂದು ಭಾರತ ಸರ್ಕಾರವು ನಿಷೇಧಿಸಿದ 59 ಚೀನೀ ಆಪುಗಳ ಪಟ್ಟಿಯಲ್ಲಿ ಇವೆರಡೂ ಸೇರಿದವು. ಈಗ ಗೂಗಲ್‌ನ ಕ್ವಿಕ್ ಶೇರ್ ಆ ಕೆಲಸವನ್ನು ಮಾಡಬಲ್ಲುದು, ಕಂಪ್ಯೂಟರು ತಕ್ಕಷ್ಟು ಹೊಸದಾಗಿದ್ದರೆ. ನಮ್ಮ ಪ್ರಸ್ತುತ ವಿಷಯವಾದ ಕಂಪ್ಯೂಟರು ಹೊಸದಲ್ಲ. ಅದಕ್ಕೆ ತಂತಿಯೇ ಗತಿ. ಮತ್ತು ತಂತಿಯೇ ಸದ್ಗತಿ ಎಂಬುದು ನನ್ನ ಅಭಿಪ್ರಾಯ.

ಮೊಬೈಲನ್ನು ಯುಎಸ್‌ಬಿ ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿದೊಡನೆ ಅದು ಚಾರ್ಜ್ ಆಗತೊಡಗುತ್ತದೆ, ಮತ್ತೇನೂ ಆಗುವುದಿಲ್ಲ. ಇಷ್ಟಕ್ಕೇ ಹತಾಶರಾಗಿ ಎದ್ದುಹೋದವರು ಅನೇಕರು. ಸುರಕ್ಷತೆಗಾಗಿ ಆಂಡ್ರಾಯ್ಡ್ ಮೊಬೈಲುಗಳು ಮೊದಲು ಚಾರ್ಜಿಗಷ್ಟೇ ಒಪ್ಪಿಗೆಯಿತ್ತು ಸುಮ್ಮನಿರುತ್ತವೆ. ಪರದೆಯ ಮೇಲಿನ ಪಟ್ಟಿಯನ್ನು ಕೆಳಗೆಳೆದು, ಅಲ್ಲಿ ಬಂದಿರುವ ಸೂಚನೆಯನ್ನು ಮುಟ್ಟಿ, 'ಫೈಲ್ ವರ್ಗಾವಣೆ' ಎಂಬುದನ್ನು ಆರಿಸಿದರೆ ಕಂಪ್ಯೂಟರಿಗೆ ಮೊಬೈಲಿನ ಒಳಗು ಕಾಣಿಸುತ್ತದೆ. ಆಗಲೂ ಕಾಣಿಸದಿದ್ದರೆ ಕೇಬಲ್ಲನ್ನು ಶಂಕಿಸತಕ್ಕದ್ದು, ಏಕೆಂದರೆ ಅಗ್ಗದ ಕೆಲವು ಕೇಬಲ್ಲುಗಳಲ್ಲಿ ವಿದ್ಯುತ್ತು ಹರಿಯುವ ತಂತಿಗಳಷ್ಟೇ ಇದ್ದು ಕಡತಗಳು ಹಾಯುವ ತಂತಿಗಳೇ ಇರುವುದಿಲ್ಲ. ಒಳಗೆ ಡಿಸಿಐಎಮ್ ಎಂಬ ಫೋಲ್ಡರು ಇರುತ್ತದೆ. 1998ರಲ್ಲಿ ಜಪಾನಿನ ಕ್ಯಾಮೆರಾ ತಯಾರಕರು ಒಪ್ಪಿಕೊಂಡ ನಿಯಮದಿಂದ ಬಂದ ಈ ಹೆಸರು ಇಂದಿಗೂ ಎಲ್ಲ ಮೊಬೈಲುಗಳಲ್ಲಿ ಉಳಿದುಕೊಂಡಿರುವುದು ಒಂದು ಸೋಜಿಗ. ಕಂಪ್ಯೂಟರಿನಲ್ಲಿ ಫೋಲ್ಡರುಗಳಿಗೆ ಮೊದಲೇ ಅರ್ಥವುಳ್ಳ ಹೆಸರುಗಳನ್ನು, ಕನ್ನಡದಲ್ಲಿಯೇ, ಕೊಟ್ಟು ಅಲ್ಲಿ ತಂದಿಟ್ಟರೆ ಮೊಬೈಲಿನ ಗ್ಯಾಲರಿಯಲ್ಲಿ ಅವೇ ಹೆಸರಿನ ಆಲ್ಬಮ್ಮುಗಳಾಗಿ ತೋರುತ್ತವೆ. ಅಳತೆ ಕುಗ್ಗುವುದಿಲ್ಲ, ಕ್ಯಾಮೆರಾ ಬರೆದ ತಾರೀಖು ಅಳಿಯುವುದಿಲ್ಲ. ಐಫೋನಿನ ಪದ್ಧತಿ ಬೇರೆ: ಅದು ತನ್ನೊಳಗಿನ ಚಿತ್ರಗಳನ್ನು ಕಂಪ್ಯೂಟರಿಗೆ ಧಾರಾಳವಾಗಿ ಕೊಡುತ್ತದೆ, ಹೊರಗಿನವನ್ನು ಸ್ವೀಕರಿಸಲು ಆಪಲ್‌ನ ತಂತ್ರಾಂಶದ ಮಧ್ಯಸ್ಥಿಕೆಯನ್ನು ಬೇಡುತ್ತದೆ.

ಇಷ್ಟೆಲ್ಲ ಏತಕ್ಕೆ, ಕ್ಲೌಡಿಗೆ ಏರಿಸಿದರಾಯಿತಲ್ಲ ಎನ್ನುವವರಿದ್ದಾರೆ. 2015ರಲ್ಲಿ ಗೂಗಲ್ ಫೋಟೋಸ್ ಬಂದಾಗ ಮಿತಿಯಿಲ್ಲದಷ್ಟು ಚಿತ್ರಗಳಿಗೆ ಪುಕ್ಕಟೆ ಜಾಗವೆಂದು ಹೇಳಿದ್ದರು. 2021ರ ಜೂನ್ ಒಂದರಿಂದ ಆ ಔದಾರ್ಯ ಮುಗಿದು, ಮೇಲ್, ಕಡತಗಳೆಲ್ಲ ಸೇರಿ 15 ಜಿಬಿಗೆ ಬಂದು ನಿಂತಿತು. ಮೀರಿದರೆ ಬಾಡಿಗೆ. ಬಾಡಿಗೆ ಕೊಡುವುದು ತಪ್ಪಲ್ಲ, ಆದರೆ ಬಾಡಿಗೆಯ ಮನೆಯೊಂದೇ ಇದ್ದರೆ ಸಾಲದು. ಮೊಬೈಲು ಮಾತ್ರ ಶಾಶ್ವತವೇ ಎಂಬ ಪ್ರತಿಪ್ರಶ್ನೆಯೂ ನ್ಯಾಯವಾದದ್ದೇ. ಅವಳಿ ನಗರದ ನಡುವೆ ಓಡುವ ಚಿಗರಿ ಬಸ್ಸಿನ ನೂಕುನುಗ್ಗಲಲ್ಲಿ ಅದು ಜೇಬಿನಿಂದ ಜಾರಬಹುದು, ನೀರಿಗೆ ಬೀಳಬಹುದು. ಅದರಿಂದಲೇ ನಾನು ಹೇಳುವುದು, ಮೊಬೈಲು ನೋಡುವ ಸ್ಥಳವೇ ಹೊರತು ಕಾಪಾಡುವ ಸ್ಥಳವಲ್ಲ ಎಂದು. ಚಿತ್ರಗಳನ್ನು 'ಕಟ್' ಮಾಡದೆ 'ಕಾಪಿ' ಮಾಡಬೇಕು; ಮೂಲಗಳನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕೊಂದಕ್ಕೆ ಇಳಿಸಿ ಬೇರೊಂದು ಮನೆಯಲ್ಲಿ, ಮಗಳ ಮನೆಯಲ್ಲಿಯೋ ತಮ್ಮನ ಮನೆಯಲ್ಲಿಯೋ, ಇಡಬೇಕು. ಗುಜರಿಯವನನ್ನು ಕರೆಯುವುದು ಅನಂತರ.

ಮೊಬೈಲಿಗೆ ತರುವುದರ ಪರಮ ಪ್ರಯೋಜನವೇ ಬೇರೆ. ಕಂಪ್ಯೂಟರಿನ ಮುಂದೆ ಕುರ್ಚಿ ಹಾಕಿ ಕೂರಲೊಲ್ಲದ ಎಂಬತ್ತರ ಅಜ್ಜಿ ಮೊಬೈಲನ್ನು ಕೈಗೆ ತೆಗೆದುಕೊಂಡು, ಚಿತ್ರವನ್ನು ಹಿಗ್ಗಿಸಿ, 'ಇಕಿ ನಮ್ಮ ಗದಗಿನ ಕಾಕೂನ ಸೊಸಿ ಅಲ್ಲೇನ?' ಎನ್ನುತ್ತಾಳೆ. ಆ ಒಂದು ಮಾತಿಗಾಗಿ ಈ ಪ್ರಯಾಸವೆಲ್ಲ. ಬಾಸೆಲ್ ಮಿಶನ್ನಿನವರು ಶತಮಾನದ ಹಿಂದೆ ನಮ್ಮ ನಾಡಿನಲ್ಲಿ ತೆಗೆದ ಚಿತ್ರಗಳು ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ನಗರದ ಅವರ ಸಂಗ್ರಹಾಲಯದಲ್ಲಿವೆ, ಅಂತರ್ಜಾಲದಲ್ಲಿಯೂ ನೋಡಸಿಗುತ್ತವೆ. ಅವು ಇಂದು ನಮಗೆ ಉಪಯೋಗಕ್ಕೆ ಬರುತ್ತಿರುವುದು ಪ್ರತಿಯೊಂದರೊಡನೆ ಸ್ಥಳ, ಕಾಲ, ತಿಳಿದಷ್ಟು ವಿವರವನ್ನು ಯಾರೋ ಶ್ರದ್ಧೆಯಿಂದ ದಾಖಲಿಸಿಟ್ಟದ್ದರಿಂದ. ಪರಕೀಯರು ನಮ್ಮವರ ಬಗ್ಗೆ ತೋರಿದ ಆಸ್ಥೆಯನ್ನು ನಾವು ನಮ್ಮವರ ಬಗ್ಗೆ ತೋರಲಾರೆವೆ? ಅಜ್ಜಿ ಹೇಳಿದ್ದನ್ನು ಅಲ್ಲಿಯೇ ಚಿತ್ರದ ವಿವರಣೆಯಲ್ಲಿ ಬರೆದಿಡುವ ಸೌಕರ್ಯ ಇಂದಿನ ಬಹುತೇಕ ಫೋಟೋ ಆಪುಗಳಲ್ಲಿದೆ. ಎಲ್ಲ ಸಾವಿರಾರು ಚಿತ್ರಗಳಿಗೂ ಬರೆಯಬೇಕೆಂದೇನಿಲ್ಲ. ಆದರೆ ಆರಿಸುವಾಗ ಅಂದವನ್ನೇ ಪ್ರಮಾಣವಾಗಿ ಹಿಡಿಯಬಾರದು. ಮಸುಕಾದ, ಕಣ್ಣುಮುಚ್ಚಿದ, ತಲೆ ಅರ್ಧ ಕತ್ತರಿಸಿದ ಚಿತ್ರದಲ್ಲಿಯೇ ಈಗ ಕೆಡವಿಹಾಕಿದ ಹಳೆಯ ಅಟ್ಟದ ಮನೆಯೂ, ರಸ್ತೆ ಅಗಲೀಕರಣಕ್ಕೆ ಮುನ್ನ ಹುಬ್ಬಳ್ಳಿ–ಧಾರವಾಡದ ಹಾದಿಯಲ್ಲಿದ್ದ ಮರಗಳೂ ಸಿಕ್ಕಾವು.

ಅಂಗಡಿಗೆ ಒಯ್ದು ಕೊಟ್ಟು ಮಾಡಿಸಿಕೊಳ್ಳಬಹುದು, ಕೊಪ್ಪೀಕರ ರಸ್ತೆಯಲ್ಲಾಗಲಿ ಸುಭಾಸ ರಸ್ತೆಯಲ್ಲಾಗಲಿ ಅದನ್ನು ಮಾಡಿಕೊಡುವವರಿಗೆ ಬರವಿಲ್ಲ. ಆದರೆ ಒಂದು ಕುಟುಂಬದ ಹೆಣ್ಣುಮಕ್ಕಳ ಚಿತ್ರಗಳೂ, ಬ್ಯಾಂಕಿನ ಕಾಗದಗಳೂ ಇರುವ ಹಾರ್ಡ್ ಡಿಸ್ಕನ್ನು ಅಪರಿಚಿತರ ಮೇಜಿನ ಮೇಲೆ ರಾತ್ರಿಯಿಡೀ ಬಿಟ್ಟುಬರಲು ಮನಸ್ಸು ಹಿಂಜರಿದರೆ ಅದು ಸಹಜ. ಇಲ್ಲಿ ನಮ್ಮ ಸಾರ್ವಜನಿಕ ಸಂಸ್ಥೆಗಳು ಮುಂದೆ ಬರಬೇಕು. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘವಿರುವ ಊರಿದು, ವಿಶ್ವವಿದ್ಯಾಲಯವೂ ಕಾಲೇಜುಗಳೂ ಗ್ರಂಥಾಲಯಗಳೂ ಇರುವ ಊರು; ತಿಂಗಳಿಗೊಂದು ಭಾನುವಾರ ಒಂದು ಕೊಠಡಿಯನ್ನು ತೆರೆದು, ಎನ್‌ಎಸ್‌ಎಸ್‌ನ ನಾಲ್ಕು ವಿದ್ಯಾರ್ಥಿಗಳನ್ನು ಕೂರಿಸಿ, ಮನೆಯವರ ಕಣ್ಣೆದುರಿಗೇ ಚಿತ್ರಗಳನ್ನು ಮೊಬೈಲಿಗೂ ಹೊರಗಿನ ಡಿಸ್ಕಿಗೂ ಇಳಿಸಿಕೊಡುವುದು ಅಸಾಧ್ಯವೇನಲ್ಲ. ದೊಡ್ಡ ವೆಚ್ಚವೂ ಇಲ್ಲ. ಆ ಕಾಲದ ಆರಂಭದ ಹಾರ್ಡ್ ಡಿಸ್ಕುಗಳು ಅಗಲವಾದ ಪಟ್ಟಿಯಂತಹ ಕೇಬಲ್ಲಿನವು, ಇಂದಿನ ಯಂತ್ರಗಳಿಗೆ ನೇರವಾಗಿ ಕೂಡಲಾರವು. ಅವನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರೊಂದು, ಸಿಡಿ–ಡಿವಿಡಿ ಓದುವ ಹೊರಗಿನ ಡ್ರೈವೊಂದು, ಒಳ್ಳೆಯ ಕೇಬಲ್ಲುಗಳು ನಾಲ್ಕಾರು, ಹಳೆಯ ವಿಂಡೋಸ್ ಬಲ್ಲ ಒಬ್ಬ ಹುಡುಗ ಅಥವಾ ಹುಡುಗಿ ಇಷ್ಟು ಇದ್ದರೆ ಈ ದಸರೆಯ ರಜೆಯಲ್ಲಿಯೇ ಮೊದಲ ಭಾನುವಾರವನ್ನು ಗೊತ್ತುಮಾಡಬಹುದು.