ಬಗ್ಗಿದ ಕಾರಿಗೆ ಗುದ್ದು ಹೆಚ್ಚು

ಒಂದು ಭಾನುವಾರ ಬೆಳಿಗ್ಗೆ ಪರಿಚಯದ ಬ್ಯಾಂಕ್ ನೌಕರರೊಬ್ಬರು ಮನೆಗೆ ಬಂದರು. ಹಿಂದೆಯೇ ಅವರ ಮಗ. ಈಗ ಎಂಜಿನಿಯರಿಂಗ್ ಎರಡನೇ ವರ್ಷ, ಹೈಸ್ಕೂಲಿನಲ್ಲಿ ನನ್ನ ಶಿಷ್ಯ. ‘‘ಮೇಷ್ಟ್ರೇ, ಇವನಿಗೆ ನೀವೇ ಬುದ್ಧಿ ಹೇಳಬೇಕು. ಕಾರಿನ ಹಿಂದಿನ ಸ್ಪ್ರಿಂಗುಗಳನ್ನು ಯಾವುದೋ ಗ್ಯಾರೇಜಿನಲ್ಲಿ ಕತ್ತರಿಸಿ ತಗ್ಗು ಮಾಡಿಸಿದ್ದಾನೆ. ನಮ್ಮ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ರೋಡ್ ಹಂಪ್ ಮೇಲೆ ಧಡ್ ಎಂದು ಕುಕ್ಕಿತು. ಎರಡು ದಿನ ಅವರು ಸೊಂಟ ಹಿಡಿದು ಮಲಗಿದರು’’ ಎಂದರು. ಮಗನದು ಬೇರೆ ವಾದ: ‘‘ಗುರುತ್ವಕೇಂದ್ರ ಕೆಳಗಿದ್ದರೆ ವಾಹನ ಭದ್ರ ಎಂದು ಪಾಠ ಮಾಡಿದವರು ನೀವೇ ಸಾರ್. ಮುಂದಿನ ಚಕ್ರಗಳದ್ದನ್ನೂ ಕತ್ತರಿಸಬೇಕೆಂದಿದ್ದೇನೆ.’’

ಇಬ್ಬರು ಹೇಳಿದ್ದೂ ನಿಜ. ಬಿಟ್ಟುಹೋಗಿದ್ದು ನನ್ನ ಪಾಠದ ಉಳಿದ ಅರ್ಧ. ಅದನ್ನು ಅಂದು ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂಬದಿಯಲ್ಲಿ ಬರೆದು ತೋರಿಸಿದೆ. ನೀವೂ ಕಾಗದ, ಪೆನ್ಸಿಲು ತೆಗೆದುಕೊಳ್ಳಿ.

ಮೊದಲು ಹುಡುಗನ ಪಕ್ಷ. ಕಾರು ಎಡಕ್ಕೆ ತಿರುಗುವಾಗ ಜಡತ್ವದಿಂದಾಗಿ ಭಾರ ಬಲಗಡೆಯ ಚಕ್ರಗಳತ್ತ ಸರಿಯುತ್ತದೆ. ಒಂದು ಟೈರಿನ ಮೇಲೆ ಭಾರ ಇಮ್ಮಡಿಯಾದರೆ ಅದರ ಹಿಡಿತ ಇಮ್ಮಡಿಯಾಗುವುದಿಲ್ಲ, ಸ್ವಲ್ಪ ಕಡಿಮೆಯೇ ಬೀಳುತ್ತದೆ. ಆದ್ದರಿಂದ ಭಾರ ಎಷ್ಟು ಕಡಿಮೆ ಸರಿದರೆ ಅಷ್ಟು ಒಳ್ಳೆಯದು. ಕಾರಿನ ತೂಕ 1200 ಕಿಲೋ, ಗುರುತ್ವಕೇಂದ್ರದ ಎತ್ತರ 55 ಸೆಂ.ಮೀ., ಎಡಬಲ ಚಕ್ರಗಳ ನಡುವಿನ ಅಂತರ 145 ಸೆಂ.ಮೀ. ಎಂದಿಟ್ಟುಕೊಳ್ಳಿ. ತಿರುವಿನ ವೇಗೋತ್ಕರ್ಷ ಗುರುತ್ವ ವೇಗೋತ್ಕರ್ಷದ ಹತ್ತರಲ್ಲಿ ನಾಲ್ಕು ಪಾಲು ಇದ್ದರೆ, ಸರಿಯುವ ಭಾರ 1200 × 0.4 × 55 ÷ 145, ಅಂದರೆ ಸುಮಾರು 182 ಕಿಲೋ. ಕಾರನ್ನು 3.5 ಸೆಂ.ಮೀ. ತಗ್ಗಿಸಿದರೆ ಅದು ಸುಮಾರು 170 ಕಿಲೋ ಆಗುತ್ತದೆ. ಲಾಭ ಶೇಕಡಾ 6ರಷ್ಟು.

ಈಗ ಅಜ್ಜಿಯ ಪಕ್ಷ. ಒಂದು ಚಕ್ರದ ಸ್ಪ್ರಿಂಗಿನ ಮೇಲೆ 3000 ನ್ಯೂಟನ್ ಭಾರವಿದೆ. ಅದನ್ನು ಒಂದು ಮಿಲಿಮೀಟರ್ ಅದುಮಲು 20 ನ್ಯೂಟನ್ ಬಲ ಬೇಕು ಎನ್ನಿ. ಹುಕ್‌ನ ನಿಯಮದಂತೆ ಸ್ಪ್ರಿಂಗು 15 ಸೆಂ.ಮೀ. ಕುಗ್ಗಿ ನಿಂತಿರುತ್ತದೆ. ಅದರಲ್ಲಿ ಆರು ಸುತ್ತುಗಳಿದ್ದು, ಭಾರ ಹೊತ್ತಾಗ ಒಂದೊಂದು ಸುತ್ತೂ 3.5 ಸೆಂ.ಮೀ. ಎತ್ತರವಿದ್ದರೆ, ಒಂದು ಸುತ್ತು ಕತ್ತರಿಸಿದೊಡನೆ ಕಾರು ಅಷ್ಟೇ ತಗ್ಗುತ್ತದೆ. ಜೊತೆಗೆ ಇನ್ನೊಂದು ಬದಲಾವಣೆಯಾಗುತ್ತದೆ. ಆರು ಜನ ಹಂಚಿಕೊಂಡು ಬಗ್ಗುತ್ತಿದ್ದ ಕಡೆ ಈಗ ಐದೇ ಜನ. ಹಾಗಾಗಿ ಸ್ಪ್ರಿಂಗು ಬಿಗಿಯಾಗುತ್ತದೆ. 20 ಇದ್ದ ಸ್ಥಿರಾಂಕ 24 ಆಗುತ್ತದೆ.

ಬಿಗಿಯಾಯಿತಲ್ಲ, ಇನ್ನು ಗುದ್ದು ತಡೆದೀತು ಎನ್ನುತ್ತೀರಾ? ಅಲ್ಲೇ ಲೆಕ್ಕ ತಪ್ಪುವುದು. ಸ್ಪ್ರಿಂಗು ಕುಗ್ಗುತ್ತ ಹೋಗಿ ಕೊನೆಗೆ ಒಂದು ರಬ್ಬರ್ ತಡೆಗೆ ತಾಗುತ್ತದೆ. ಮೊದಲು ಅದಕ್ಕೆ 8 ಸೆಂ.ಮೀ. ಜಾಗವಿತ್ತೆನ್ನಿ, ಈಗ ಉಳಿದದ್ದು 4.5 ಸೆಂ.ಮೀ. ನಿಂತ ಸ್ಥಿತಿಯಿಂದ ಮುಂದೆ ಸ್ಪ್ರಿಂಗು ನುಂಗಿಕೊಳ್ಳಬಲ್ಲ ಶಕ್ತಿ, ಸ್ಥಿರಾಂಕದ ಅರ್ಧವನ್ನು ಕುಗ್ಗುವ ದೂರದ ವರ್ಗದಿಂದ ಗುಣಿಸಿದಷ್ಟು. ಮೊದಲು ಅದು 64 ಜೂಲ್ ಇತ್ತು. ಈಗ 24 ಜೂಲ್! ‘ವರ್ಗ’ ಎಂಬ ಶಬ್ದವನ್ನು ಗಮನಿಸಿ. ಇಳಿಸಿದ್ದರಿಂದ ಬಂದ ಲಾಭ ನೇರ ಅನುಪಾತದಲ್ಲಿ, ಶೇಕಡಾ 6. ನಷ್ಟ ವರ್ಗದ ಲೆಕ್ಕದಲ್ಲಿ, ಶೇಕಡಾ 62. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂಬ ಗಾದೆ ಕಾರಿಗೂ ಸಲ್ಲುತ್ತದೆ.

ಹಳೆಯ 64 ಜೂಲನ್ನು 4.5 ಸೆಂ.ಮೀ.ನಲ್ಲೇ ತಡೆಯಬೇಕಾದರೆ ಸ್ಥಿರಾಂಕ 63 ಇರಬೇಕು, ಮೂರು ಪಟ್ಟಿಗೂ ಹೆಚ್ಚು. ಆಗ ಸೆಕೆಂಡಿಗೆ ಸುಮಾರು 1.3 ಸಲ ತೂಗುತ್ತಿದ್ದ ಕಾರು 2.3 ಸಲ ಕುಲುಕುತ್ತದೆ. ನಿಧಾನದ ತೂಗಾಟ ದೇಹಕ್ಕೆ ಹಿತ. ಮೇಲೆ ಹೋದಂತೆ ಕಿರಿಕಿರಿ. ಕುಳಿತ ಮನುಷ್ಯನನ್ನು ಹೆಚ್ಚು ಕಾಡುವುದು ಸೆಕೆಂಡಿಗೆ 4ರಿಂದ 8 ಸಲದ ಲಂಬ ಅಲುಗಾಟ.

ಇಲ್ಲಿ ಶಾಕ್ ಅಬ್ಸಾರ್ಬರಿನ ಮಾತೂ ಬರುತ್ತದೆ. ಹೆಸರು ಹಾಗಿದ್ದರೂ ಗುದ್ದನ್ನು ಮೊದಲು ನುಂಗುವುದು ಸ್ಪ್ರಿಂಗು. ಎಣ್ಣೆಯನ್ನು ಸಣ್ಣ ರಂಧ್ರಗಳಲ್ಲಿ ಹಾಯಿಸಿ, ತೂಗಾಟದ ಶಕ್ತಿಯನ್ನು ಶಾಖವಾಗಿಸಿ ತಣಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಸ್ಪ್ರಿಂಗು ಬಿಗಿಯಾಗಿ ಅದು ಹಳೆಯದೇ ಉಳಿದರೆ ಚಕ್ರ ಪುಟಿಯುತ್ತಲೇ ಇರುತ್ತದೆ. ನೆಲ ಬಿಟ್ಟ ಟೈರಿಗೆ ಹಿಡಿತವೆಲ್ಲಿ? ಆದ್ದರಿಂದ ಕೆಟ್ಟ ರಸ್ತೆಯಲ್ಲಿ ಆರಾಮವೂ ಹತೋಟಿಯೂ ಶತ್ರುಗಳಲ್ಲ. ಚಕ್ರ ನೆಲವನ್ನು ಬಿಡದಂತೆ ಸ್ಪ್ರಿಂಗು ಬಳುಕಿದರೆ ಮಾತ್ರ ಎರಡೂ ಸಿಗುತ್ತವೆ.

ಈ ಹಗ್ಗಜಗ್ಗಾಟ ಹೊಸದೇನಲ್ಲ. ಫ್ರಾನ್ಸಿನ ಸಿಟ್ರೋಯೆನ್ ಕಂಪನಿ 1948ರಲ್ಲಿ ಜನರ ಮುಂದಿಟ್ಟ ‘2ಸಿವಿ’ ರೈತರ ಕಾರು. ಅದರ ಸ್ಪ್ರಿಂಗುಗಳು ಬಹಳ ಮೃದು. ಉತ್ತ ಹೊಲದಲ್ಲೂ ಹಿತವಾಗಿ ಸಾಗುತ್ತಿತ್ತು, ತಿರುವಿನಲ್ಲಿ ಮಾತ್ರ ದೋಣಿಯಂತೆ ವಾಲುತ್ತಿತ್ತು. ಇನ್ನೊಂದು ತುದಿಯಲ್ಲಿ ರೇಸು ಕಾರುಗಳು. ಗಾಳಿಯ ಒತ್ತಡದಿಂದ ನೆಲಕ್ಕಂಟಿ ಓಡಲು ಅವುಗಳ ಸ್ಪ್ರಿಂಗು ಕಲ್ಲಿನಂತಿರಬೇಕಾಯಿತು. ಚಾಲಕರ ಮೈ ನುಗ್ಗಾಯಿತು. ಲೋಟಸ್ ಸಂಸ್ಥೆಯ ಕಾಲಿನ್ ಚಾಪ್ಮನ್ 1981ರಲ್ಲಿ ಒಂದರೊಳಗೊಂದು ಎರಡು ಚೌಕಟ್ಟುಗಳ ಕಾರು ತಂದರು: ಹೊರಗಿನದು ಗಾಳಿಯ ಒತ್ತಡಕ್ಕಾಗಿ ಬಿಗಿ, ಚಾಲಕ ಕೂರುವ ಒಳಗಿನದು ಮೃದು. ನಿಯಮಕ್ಕೆ ವಿರುದ್ಧವೆಂದು ಅದನ್ನು ತಡೆದರು. ‘ಲೋಟಸ್ 88’ ಒಂದು ರೇಸಿನಲ್ಲೂ ಓಡಲಿಲ್ಲ. ಎರಡನ್ನೂ ಪೂರ್ತಿ ಪಡೆಯುವುದು ಅಂಥವರಿಗೂ ಅಷ್ಟು ಕಷ್ಟವಾಯಿತು.

ಹಾಗಾದರೆ ತಗ್ಗಿಸಲೇಬಾರದೇ? ಸ್ವಲ್ಪ ತಗ್ಗಿಸಿ, ಅದಕ್ಕೆಂದೇ ತಯಾರಾದ ಸ್ಪ್ರಿಂಗನ್ನೂ ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರನ್ನೂ ಒಟ್ಟಿಗೆ ಹಾಕಿದರೆ ಒಂದು ಮಧ್ಯದ ದಾರಿಯುಂಟು. ಕತ್ತರಿಸುವುದು ಮಾತ್ರ ದಾರಿಯಲ್ಲ. ಮೊಂಡಾದ ಸ್ಪ್ರಿಂಗು, ಚಕ್ರ ಹಳ್ಳಕ್ಕೆ ಇಳಿದು ಜೋತಾಗ ತನ್ನ ಪೀಠದಿಂದ ಸರಿದುಬಿಡಬಹುದು. ಆಗ ಹೋಗುವುದು ಸೊಂಟವಲ್ಲ, ಪ್ರಾಣ. ಕಾನೂನೂ ಇದೆ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮೂಲ ರಚನೆ ಬದಲಿಸುವುದನ್ನು ನಿರ್ಬಂಧಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ.

ಹುಡುಗ ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿದ. 64ನ್ನೂ 24ನ್ನೂ ತಾನೇ ಮತ್ತೆ ಗುಣಿಸಿ ತಾಳೆ ನೋಡಿದ. ಅವನು ತಲೆದೂಗಿದ್ದು ಅಪ್ಪನ ಗದರಿಕೆಗಲ್ಲ, ಆ ವರ್ಗದ ಗುರುತಿಗೆ. ಮರುವಾರ ಹಿಂದಿನ ಚಕ್ರಗಳಿಗೆ ಕಂಪನಿಯ ಹೊಸ ಸ್ಪ್ರಿಂಗುಗಳು ಬಂದವು. ಪೋಷಕರೇ, ಮಕ್ಕಳ ಹಟಕ್ಕೆ ಬೈಗುಳಕ್ಕಿಂತ ಒಂದು ಸರಿಯಾದ ಲೆಕ್ಕ ಬೇಗ ನಾಟುತ್ತದೆ.

ಈ ವಾರದ ಮನೆಗೆಲಸ: ಮೇಲಿನ ಕಾರನ್ನು 2 ಸೆಂ.ಮೀ. ಮಾತ್ರ ತಗ್ಗಿಸಿ, 64 ಜೂಲನ್ನು ಕಾಯ್ದುಕೊಳ್ಳಬೇಕು. ಸ್ಥಿರಾಂಕ ಎಷ್ಟಿರಬೇಕು? ಕಾರು ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ? ಎರಡನೆಯ ಉತ್ತರ 1.7ರ ಆಸುಪಾಸು ಬಂದರೆ ನಿಮ್ಮ ಲೆಕ್ಕ ಸರಿ.