ಅರಿಯದುದಕ್ಕೊಂದು ಹೆಸರು

ಲೆಕ್ಕ ಬಾರದೆ ಅಳುವ ಮಗುವನ್ನು ಗದರುವುದು ತರವಲ್ಲ. 1150ರಲ್ಲಿ ಭಾಸ್ಕರಾಚಾರ್ಯರು ರಚಿಸಿದ ‘ಲೀಲಾವತಿ’ಯ ಲೆಕ್ಕವೊಂದನ್ನು ಅದರೊಡನೆ ಬಿಡಿಸಿರಿ.

ದುಂಬಿಗಳ ಹಿಂಡಿನಲ್ಲಿ ಐದರಲ್ಲೊಂದು ಭಾಗ ಕದಂಬಕ್ಕೂ, ಮೂರರಲ್ಲೊಂದು ಭಾಗ ಶಿಲೀಂಧ್ರಪುಷ್ಪಕ್ಕೂ, ಇವೆರಡರ ಅಂತರದ ಮೂರು ಪಟ್ಟು ಕುಟಜಕ್ಕೂ ಹೋದವು. ಒಂದು ದುಂಬಿ ಉಳಿಯಿತು. ಒಟ್ಟು ಎಷ್ಟು?

ತಿಳಿಯದ ಒಟ್ಟು ಸಂಖ್ಯೆಯನ್ನು ‘ಯಾ’ ಎನ್ನೋಣ. ಅವ್ಯಕ್ತರಾಶಿಗೆ ಆಚಾರ್ಯರು ‘ಬೀಜಗಣಿತ’ದಲ್ಲಿ ಬಳಸಿದ ‘ಯಾವತ್ತಾವತ್’ ಎಂಬ ಹೆಸರಿನ ಮೊದಲಕ್ಷರವಿದು. ‘ಯಾ’ವನ್ನು 15 ಸಮಭಾಗ ಮಾಡಿದರೆ, ಹೋದವು ಕ್ರಮವಾಗಿ 3, 5, 6 ಭಾಗಗಳು, ಕೂಡಿದರೆ 14. ಉಳಿದ ಒಂದು ಭಾಗವೇ ಆ ಒಂಟಿ ದುಂಬಿ. ಆದುದರಿಂದ ಯಾ = 15.

ಅರಿಯದಿರುವುದು ಅಪರಾಧವಲ್ಲ. ಅರಿಯದುದಕ್ಕೆ ಹೆಸರಿಟ್ಟು, ಅರಿತುದರೊಡನೆ ಹೊಂದಿಸಿ ನೋಡುವುದೇ ಗಣಿತ. ಮಗುವಿಗೆ ಮೊದಲು ಈ ಧೈರ್ಯವನ್ನು ಕಲಿಸೋಣ. ಉತ್ತರವು ತಾನಾಗಿ ಹಿಂಬಾಲಿಸುವುದು.