ಹಳೆಯ ಗಾಡಿ, ಊರಿನ ಗ್ಯಾರೇಜು ಮತ್ತು ನಮ್ಮ ಹೊಣೆ

ಪರಿಸರದ ಮಾತನಾಡುವ ಈ ಪತ್ರಿಕೆಯಲ್ಲಿ ಕಾರಿನ ರಿಪೇರಿಯ ವಿಚಾರವೇಕೆ ಎಂದು ಕೆಲವು ಓದುಗರಿಗೆ ಅನ್ನಿಸಬಹುದು. ಕಾಡು, ಹೊಳೆ, ಆನೆ ದಾರಿ, ಮರಳು, ರೆಸಾರ್ಟು ಇವುಗಳ ಬಗ್ಗೆ ಬರೆದೂ ಓದಿಯೂ ಅಭ್ಯಾಸವಾಗಿರುವ ನಮಗೆ ಕರಿ ಎಣ್ಣೆ ಮೆತ್ತಿಕೊಂಡ ಗ್ಯಾರೇಜಿನ ಅಂಗಳ ಹೋರಾಟದ ಜಾಗವಾಗಿ ಕಾಣುವುದಿಲ್ಲ. ನನಗೂ ಕಂಡಿರಲಿಲ್ಲ. 2025ರ ಆರಂಭದಲ್ಲಿ, ಶುಂಠಿ ಕೀಳುವ ಹೊತ್ತಿಗೆ ಸರಿಯಾಗಿ, ನಮ್ಮ ಮನೆಯ 1997ರ ಮಾರುತಿ 800 ಏರಿನಲ್ಲಿ ಮುಗ್ಗರಿಸತೊಡಗಿದಾಗ ಈ ವಿಚಾರ ನನ್ನ ಮುಂದೆ ಬಂದು ನಿಂತಿತು.

ಶಿರಂಗಾಲದಿಂದ ಹೆಬ್ಬಾಲೆ ದಾಟಿ ಕುಶಾಲನಗರದವರೆಗೆ ನಾಲ್ಕು ಗ್ಯಾರೇಜುಗಳ ಬಾಗಿಲಿಗೆ ಹೋದೆ. ಒಬ್ಬರು ಕಾರ್ಬ್ಯುರೇಟರ್ ಗಾಡಿಯನ್ನು ಮುಟ್ಟುವುದನ್ನೇ ಬಿಟ್ಟಿದ್ದರು. ಇನ್ನೊಂದು ಕಡೆ ಇಪ್ಪತ್ತರ ಹರೆಯದ ಹುಡುಗ ಬಾನೆಟ್ ಎತ್ತಿ ನೋಡಿ, "ಸ್ಕ್ಯಾನರ್ ಹಾಕೋಕೆ ಜಾಗಾನೇ ಇಲ್ವಲ್ಲ ಅಣ್ಣ" ಎಂದು ನಿಜವಾಗಿಯೂ ಆಶ್ಚರ್ಯಪಟ್ಟ. ಮೂರನೆಯವರು, ಹದಿನೈದು ವರ್ಷ ದಾಟಿದ ಕಾರನ್ನು ಗುಜರಿಗೆ ಹಾಕಲೇಬೇಕೆಂದು ಸರ್ಕಾರವೇ ಹೇಳಿದೆಯೆಂದು ನನಗೆ ಬುದ್ಧಿ ಹೇಳಿದರು. ನಾಲ್ಕನೆಯವರು ಮಾತ್ರ ಇದ್ದುದನ್ನು ಇದ್ದಂತೆ ಹೇಳಿದರು: "ಬೋಲ್ಟು ಬಿಚ್ಚೋಕೆ ಹೋದ್ರೆ ಮುರಿಯುತ್ತೆ. ಮುರಿದ್ರೆ ನನ್ ತಲೆಗೇ ಬರುತ್ತೆ. ಒಂದು ದಿನದ ಕೆಲಸ ಅಂತ ಹಿಡಿದಿದ್ದು ಒಂದು ವಾರ ಆಗುತ್ತೆ, ನೀವು ಒಂದು ದಿನದ ಕೂಲಿ ಕೊಡ್ತೀರ."

ಮೂರನೆಯವರ ಮಾತನ್ನು ಮೊದಲು ಸರಿಪಡಿಸಬೇಕು, ಏಕೆಂದರೆ ಈ ತಪ್ಪು ತಿಳಿವಳಿಕೆಯೇ ನಮ್ಮ ಊರುಗಳಲ್ಲಿ ಅನೇಕ ಒಳ್ಳೆಯ ಗಾಡಿಗಳನ್ನು ಗುಜರಿಗೆ ಕಳುಹಿಸುತ್ತಿದೆ. ಹಳೆಯ ವಾಹನಗಳನ್ನು ಗುಜರಿಗೆ ಹಾಕುವ ನೀತಿಯನ್ನು ಕೇಂದ್ರ ಸರ್ಕಾರ 2021ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಸರ್ಕಾರಿ ವಾಹನಗಳಿಗೆ ಹದಿನೈದು ವರ್ಷದ ಕಡ್ಡಾಯ ಮಿತಿ 2023ರ ಏಪ್ರಿಲ್ 1ರಿಂದ ಬಂತು. ಡೀಸೆಲ್ ಗಾಡಿಗೆ ಹತ್ತು, ಪೆಟ್ರೋಲ್ ಗಾಡಿಗೆ ಹದಿನೈದು ವರ್ಷ ಎಂದು ಸುದ್ದಿಯಾದದ್ದು ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ವಲಯದ ಸಂಗತಿ. ನಮ್ಮ ಖಾಸಗಿ ಕಾರುಗಳಿಗೆ ಅಂಥ ವಯಸ್ಸಿನ ಮಿತಿಯಿಲ್ಲ. ಹದಿನೈದು ವರ್ಷ ತುಂಬಿದ ಮೇಲೆ ಯೋಗ್ಯತೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ನೋಂದಣಿಯನ್ನು ನವೀಕರಿಸಿಕೊಂಡರೆ ಮುಂದಿನ ಐದು ವರ್ಷ ಓಡಿಸಬಹುದು. ಆಮೇಲೆ ಮತ್ತೆ ಐದು ವರ್ಷ. ಆದರೆ ಈ ಬಾಗಿಲನ್ನು ಶುಲ್ಕದ ಮೂಲಕ ಕಿರಿದಾಗಿಸಲಾಗುತ್ತಿದೆ. 600 ರೂಪಾಯಿ ಇದ್ದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 10,000ಕ್ಕೆ ಏರಿಸಲಾಯಿತು. ಮಡಿಕೇರಿಗೆ ಹೋಗಿ ಬರುವ ಖರ್ಚು ಬೇರೆ. ಶುಲ್ಕವನ್ನಾದರೂ ಹೇಗೋ ಹೊಂದಿಸಬಹುದು, ಗಾಡಿಯನ್ನು ಪರೀಕ್ಷೆಗೆ ಸಜ್ಜುಗೊಳಿಸುವ ಕೈಗಳೇ ಇಲ್ಲವಾದರೆ ಕಾನೂನು ಕೊಟ್ಟ ಅವಕಾಶ ಕಾಗದದಲ್ಲಿಯೇ ಉಳಿಯುತ್ತದೆ.

ಹಳೆಯ ಕಾರನ್ನು ಉಳಿಸಿಕೊಳ್ಳುವುದು ಪರಿಸರಕ್ಕೆ ಒಳ್ಳೆಯದೇ? ನಮ್ಮ ಬಳಗದಲ್ಲಿಯೇ ಈ ಬಗ್ಗೆ ಬಿಸಿಯಾದ ಚರ್ಚೆ ನಡೆಯಿತು. ಒಂದು ಸರಳ ಲೆಕ್ಕ ಹಾಕಿ ನೋಡೋಣ. ನಮ್ಮ ಕಡೆಯ ಮನೆಯ ಕಾರು ಸಂತೆಗೆ, ಆಸ್ಪತ್ರೆಗೆ, ನೆಂಟರ ಮದುವೆಗೆ ಎಂದು ವರ್ಷಕ್ಕೆ ನಾಲ್ಕು ಸಾವಿರ ಕಿಲೋಮೀಟರ್ ಓಡುತ್ತದೆಯೆಂದುಕೊಳ್ಳಿ. ಲೀಟರಿಗೆ 14 ಕಿಲೋಮೀಟರ್ ಕೊಡುವ ಹಳೆಯ ಕಾರಿಗೆ ಸುಮಾರು 286 ಲೀಟರ್ ಪೆಟ್ರೋಲ್ ಬೇಕು, 20 ಕೊಡುವ ಹೊಸದಕ್ಕೆ 200 ಲೀಟರ್. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅಂದರೆ ಹೊಸ ಕಾರಿನಿಂದಾಗುವ ಉಳಿತಾಯ ವರ್ಷಕ್ಕೆ ಇನ್ನೂರು ಕಿಲೋಗಿಂತ ತುಸು ಕಡಿಮೆ. ಆದರೆ ಆ ಹೊಸ ಕಾರು ಕಾರ್ಖಾನೆಯಿಂದ ಹೊರಬರುವ ಮೊದಲೇ, ಅದಿರು ಅಗೆದು, ಉಕ್ಕು ಕರಗಿಸಿ, ಪ್ಲಾಸ್ಟಿಕ್ ಎರಕ ಹೊಯ್ಯುವಷ್ಟರಲ್ಲಿ ಹಲವು ಟನ್ನುಗಳಷ್ಟು ಇಂಗಾಲ ಗಾಳಿಗೆ ಸೇರಿರುತ್ತದೆ. ಅದನ್ನು ಐದೇ ಟನ್ ಎಂದು ಹಿಡಿದರೂ ಸಾಲ ತೀರಲು ಇಪ್ಪತ್ತೈದು ವರ್ಷ ಬೇಕು. ಬ್ಯಾಂಕಿನ ಸಾಲವೂ ಬೆನ್ನಿಗಿರುತ್ತದೆ. ಶುಂಠಿಗೆ ಬೆಲೆ ಬಂದ ವರ್ಷ ಹೊಸ ಕಾರು ತಂದು, ಬೆಲೆ ಬಿದ್ದ ವರ್ಷ ಕಂತು ಕಟ್ಟಲಾಗದೆ ಒದ್ದಾಡಿದವರನ್ನು ನಾವೆಲ್ಲರೂ ಕಂಡಿದ್ದೇವೆ.

ಈ ಲೆಕ್ಕದ ಇನ್ನೊಂದು ಮುಖವನ್ನು ಮುಚ್ಚಿಡುವುದು ನ್ಯಾಯವಲ್ಲ. ದಿನವಿಡೀ ಓಡುವ ಬಾಡಿಗೆ ಗಾಡಿಗೆ ಈ ಲೆಕ್ಕ ಒಪ್ಪುವುದಿಲ್ಲ. ಇನ್ನು ಡೀಸೆಲ್ ಹೊಗೆಯ ಮಾತು. ಭಾರತ್ ಸ್ಟೇಜ್ 2ರ ಡೀಸೆಲ್ ಕಾರು ಕಿಲೋಮೀಟರಿಗೆ 0.08 ಗ್ರಾಂ ಮಸಿಕಣ ಉಗುಳಬಹುದಿತ್ತು. 2020ರಿಂದ ಜಾರಿಯಲ್ಲಿರುವ ಸ್ಟೇಜ್ 6ರಲ್ಲಿ ಆ ಮಿತಿ 0.0045 ಗ್ರಾಂ. ಇಷ್ಟು ದೊಡ್ಡ ಅಂತರವನ್ನು ಯಾವ ರಿಪೇರಿಯೂ ತುಂಬಲಾರದು. ಆದ್ದರಿಂದ ಪ್ರತಿಯೊಂದು ಹಳೆಯ ಗಾಡಿಯನ್ನೂ ಉಳಿಸಬೇಕೆಂದು ನಾನು ವಾದಿಸುತ್ತಿಲ್ಲ. ಕಡಿಮೆ ಓಡುವ, ಮೈ ಗಟ್ಟಿಯಿರುವ ಮನೆಬಳಕೆಯ ಗಾಡಿಯನ್ನು ಸುಸ್ಥಿತಿಯಲ್ಲಿ ಉಳಿಸಿಕೊಳ್ಳುವುದು ಸರಿ ಎಂಬುದಷ್ಟೇ ನನ್ನ ವಾದ. ಸುಸ್ಥಿತಿ ಎಂಬ ಮಾತಿಗೆ ಇಲ್ಲಿ ಒತ್ತು ಬೇಕು. ರಿಪೇರಿ ಸಿಗಲಿಲ್ಲವೆಂದು ಯಾರೂ ಕಾರನ್ನು ನಿಲ್ಲಿಸುವುದಿಲ್ಲ. ಹೊಗೆ ಉಗುಳಿಕೊಂಡೇ ಓಡಿಸುತ್ತಾರೆ. ರಾತ್ರಿ ಹೊತ್ತು ಹೆರಿಗೆ ನೋವೋ ಎದೆನೋವೋ ಬಂದರೆ ಕುಶಾಲನಗರಕ್ಕೆ ಕರೆದೊಯ್ಯುವುದು ಬ್ರೇಕು ಸರಿಯಿಲ್ಲದ ಅದೇ ಕಾರು.

ಹಾಗಾದರೆ ಗ್ಯಾರೇಜಿನವರು ಹಳೆಯ ಗಾಡಿಯನ್ನು ಒಲ್ಲೆನ್ನುವುದೇಕೆ? ಅವರ ಸೋಮಾರಿತನವೆಂದು ಬೈದು ಸುಮ್ಮನಾಗುವುದು ಸುಲಭ. ಜೀಪನ್ನು ನೋಡಿ. ಕೊಡಗಿನಲ್ಲಿ ಎಷ್ಟು ಹಳೆಯ ಜೀಪನ್ನಾದರೂ ಯಾವುದಾದರೊಂದು ಗ್ಯಾರೇಜು ಕೈಗೆತ್ತಿಕೊಳ್ಳುತ್ತದೆ. ಜೀಪಿನ ಮೇಲಿನ ಪ್ರೀತಿ ಇದಕ್ಕೆ ಕಾರಣವಲ್ಲ. ವಿಲ್ಲೀಸ್ ಮಾದರಿಯನ್ನೇ ಮಹೀಂದ್ರಾ ಕಂಪನಿ ಚೂರುಪಾರು ಬದಲಿಸಿ ದಶಕಗಳ ಕಾಲ ತಯಾರಿಸಿತು. ಬಿಡಿಭಾಗ ಎಲ್ಲೆಡೆ ಸಿಗುತ್ತದೆ, ಸಿಗದಿದ್ದರೆ ಲೇತಿನಲ್ಲಿ ಮಾಡಿಸಬಹುದು, ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಮೇಸ್ತ್ರಿಗೆ ಮೊದಲೇ ಗೊತ್ತು. ಬಿಡಿಭಾಗದ ಭರವಸೆ ಮತ್ತು ಸಮಯದ ಅಂದಾಜು, ಇವೆರಡೂ ಇದ್ದರೆ ಗ್ಯಾರೇಜು ಹೂಂ ಎನ್ನುತ್ತದೆ. ಇವೆರಡೂ ಇಲ್ಲದ ಕಾರು ಅಂಗಳದಲ್ಲಿ ವಾರಗಟ್ಟಲೆ ಜಾಗ ಹಿಡಿದು ಕೂರುತ್ತದೆ, ಅಷ್ಟರಲ್ಲಿ ಬಂದು ಹೋಗಬಹುದಾಗಿದ್ದ ಹತ್ತು ಗಿರಾಕಿಗಳು ತಪ್ಪುತ್ತಾರೆ. ಇದಕ್ಕೆ ನಮ್ಮ ಗುಣವೂ ಸೇರುತ್ತದೆ. ಎಂಜಿನ್ ಸೀಜ್ ಆಗುವವರೆಗೆ ಗಾಡಿಯನ್ನು ತೋರಿಸುವುದಿಲ್ಲ, ತೋರಿಸಿದ ಮೇಲೆ ಬಿಡಿಭಾಗದ ಬಿಲ್ಲಿಗೆ ತುಟಿ ಬಿಚ್ಚದವರು ಕೂಲಿಗೆ ಮಾತ್ರ ಚೌಕಾಸಿ ಮಾಡುತ್ತೇವೆ.

ಇದನ್ನು ಮನಗಂಡು ನಾವು ಏಳು ಮಂದಿ, ಎಲ್ಲರೂ ಮಾರುತಿ 800 ಇಲ್ಲವೇ ಓಮ್ನಿ ಇಟ್ಟುಕೊಂಡವರು, ಒಟ್ಟಾಗಿ ಆ ನಾಲ್ಕನೆಯ ಮೇಸ್ತ್ರಿಯ ಬಳಿಗೆ ಹೋದೆವು. ಎರಡು ಗಾಡಿಗಳದ್ದೂ ಒಂದೇ 796 ಸಿಸಿ ಎಂಜಿನ್. 800ರ ತಯಾರಿಕೆ 2014ರಲ್ಲಿ, ಓಮ್ನಿಯದು 2019ರಲ್ಲಿ ನಿಂತಿದ್ದರೂ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗ ಹುಡುಕಿದರೆ ಸಿಗುತ್ತದೆ. ನಮ್ಮ ಒಪ್ಪಂದ ಹೀಗಿತ್ತು: ಆಷಾಢದಲ್ಲಿ ಮದುವೆಯಿಲ್ಲ, ತಿರುಗಾಟವಿಲ್ಲ, ಗ್ಯಾರೇಜಿಗೆ ಕೆಲಸ ಕಡಿಮೆ, ಆಗ ಏಳೂ ಗಾಡಿಗಳನ್ನು ಒಂದರ ಹಿಂದೊಂದು ತರುತ್ತೇವೆ. ಮೊದಲು ಬಿಚ್ಚಿ ನೋಡಿ ಪಟ್ಟಿ ಮಾಡಲಿ, ಆ ದಿನದ ಕೂಲಿಯನ್ನು ರಿಪೇರಿ ಆದರೂ ಆಗದಿದ್ದರೂ ಕೊಡುತ್ತೇವೆ. ಪಟ್ಟಿಯ ಬಿಡಿಭಾಗಗಳನ್ನು ನಾವೇ ಒಟ್ಟಿಗೆ ತರಿಸುತ್ತೇವೆ. ತುಕ್ಕು ಹಿಡಿದ ಬೋಲ್ಟು ಮುರಿದರೆ ಅದು ಮೇಸ್ತ್ರಿಯ ತಪ್ಪಲ್ಲ. ಮಾಡಿದ ಕೆಲಸವನ್ನು ಪ್ರತಿ ಗಾಡಿಗೂ ಒಂದು ನೋಟುಬುಕ್ಕಿನಲ್ಲಿ ಬರೆದಿಡಬೇಕು.

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದು ಬರೆದರೆ ಸುಳ್ಳಾಗುತ್ತದೆ. ಒಂದು ಓಮ್ನಿಯ ತಳವೇ ತುಕ್ಕಿಗೆ ಕರಗಿಹೋಗಿತ್ತು. ಇದನ್ನು ರಸ್ತೆಗೆ ಬಿಡಬೇಡಿ ಎಂದು ಮೇಸ್ತ್ರಿ ಹೇಳಿದರು, ಅದು ಗುಜರಿಗೆ ಹೋಯಿತು, ಹೋಗಬೇಕಾದದ್ದೇ. ಒಬ್ಬ ಗೆಳೆಯರು ಬಿಲ್ಲು ನೋಡಿ ಮುನಿಸಿಕೊಂಡು ಇಂದಿಗೂ ನನ್ನೊಡನೆ ಸರಿಯಾಗಿ ಮಾತನಾಡುವುದಿಲ್ಲ. ಉಳಿದ ಆರು ಗಾಡಿಗಳು ಓಡುತ್ತಿವೆ. ನನ್ನ ಕಾರಿಗೆ ಆಗಬೇಕಾಗಿದ್ದುದು ಕಾರ್ಬ್ಯುರೇಟರ್ ತೊಳೆದು ಜೆಟ್ ಬದಲಿಸುವುದು, ಒಂದು ಡಯಾಫ್ರಾಂ, ಪ್ಲಗ್ಗುಗಳು, ಬ್ರೇಕಿನ ವೀಲ್ ಸಿಲಿಂಡರುಗಳು, ಅಷ್ಟೇ. ಇಷ್ಟಕ್ಕಾಗಿ ಅದು ಗುಜರಿಯ ತಕ್ಕಡಿ ಏರುವುದರಲ್ಲಿತ್ತು. ಮುಖ್ಯವಾದ ಇನ್ನೊಂದು ಮಾತು: ಸ್ಕ್ಯಾನರ್‌ಗೆ ಜಾಗ ಹುಡುಕಿದಂಥ ವಯಸ್ಸಿನವನೇ ಆದ ಇನ್ನೊಬ್ಬ ಹುಡುಗ ಈ ಗ್ಯಾರೇಜಿನಲ್ಲಿದ್ದಾನೆ. ಮೊದಲ ಕಾರಿನ ಕಾರ್ಬ್ಯುರೇಟರನ್ನು ಮೇಸ್ತ್ರಿ ಬಿಚ್ಚಿದರು, ಐದನೆಯದನ್ನು ಅವನೇ ಬಿಚ್ಚಿದ.

ಈ ಒಪ್ಪಂದದಲ್ಲಿ ನಾವು ಕೇಳಿಕೊಂಡದ್ದೂ ಒಂದಿತ್ತು, ಕರಿ ಎಣ್ಣೆಯದು. ಒಮ್ಮೆ ಎಣ್ಣೆ ಬದಲಿಸಿದರೆ ಸಣ್ಣ ಕಾರಿನಿಂದ ಸುಮಾರು ಮೂರು ಲೀಟರ್ ಹಳೆಯ ಎಣ್ಣೆ ಇಳಿಯುತ್ತದೆ. ಅದರಲ್ಲಿ ಎಂಜಿನ್ನಿನ ಸವೆತದಿಂದ ಬಂದ ಲೋಹದ ಕಣಗಳಿರುತ್ತವೆ. ನಮ್ಮ ಮಳೆಗೆ ಗ್ಯಾರೇಜಿನ ಅಂಗಳದಿಂದ ಚರಂಡಿಗೆ, ಚರಂಡಿಯಿಂದ ಕಾವೇರಿಗೆ ಅದಕ್ಕೆ ದಾರಿ ಸಲೀಸು. ನಮ್ಮೂರನ್ನು ದಾಟಿದ ಹೊಳೆಯ ನೀರನ್ನು ಮುಂದೆ ಕೊಣನೂರು, ರಾಮನಾಥಪುರದವರು ಬಳಸುತ್ತಾರೆ. ಬೇಲಿಯ ಗೂಟಕ್ಕೆ ಗೆದ್ದಲು ಹಿಡಿಯದಿರಲೆಂದು ಇದೇ ಎಣ್ಣೆಯನ್ನು ಬಳಿದವರಲ್ಲಿ ನಾನೂ ಒಬ್ಬ. ಆದ್ದರಿಂದ ಮೇಸ್ತ್ರಿಗೆ ಉಪದೇಶ ಮಾಡುವ ಧೈರ್ಯ ನನಗಿರಲಿಲ್ಲ. ಎಣ್ಣೆಯನ್ನು ಡ್ರಮ್ಮಿನಲ್ಲಿ ತುಂಬಿಸಿಟ್ಟು, ಪರವಾನಗಿಯಿರುವ ಮರುಸಂಸ್ಕರಣೆಯವರಿಗೇ ಕೊಡಬೇಕೆಂದು ಕೇಳಿಕೊಂಡೆವು. ಡ್ರಮ್ಮನ್ನು ನಾವೇ ಕೊಡಿಸಿದೆವು. ಬಳಸಿದ ಎಣ್ಣೆಯನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು ತಯಾರಕರ ಮೇಲೆಯೂ ಹೊರಿಸುವ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಹಳೆಯ ಬ್ಯಾಟರಿಗಳಿಗೆ 2022ರ ನಿಯಮಗಳಿವೆ. ಗಿರಾಕಿಗಳು ಒಟ್ಟಾಗಿ ಕೆಲಸ ತಂದುಕೊಟ್ಟು ಕೇಳಿದಾಗ ಗ್ಯಾರೇಜು ಇಂಥ ಮಾತಿಗೆ ಕಿವಿಗೊಡುತ್ತದೆ. ಬರಿಯ ಕರಪತ್ರ ಹಂಚಿದ್ದರೆ ಅದರಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು.

ವಿದ್ಯಾರ್ಥಿ ಮಿತ್ರರು ಯೋಚಿಸಬೇಕಾದ ಸಂಗತಿ ಬೇರೆಯೇ ಇದೆ. ಕಾರ್ಬ್ಯುರೇಟರ್ ಗಾಡಿಗಳು ಇನ್ನು ಕೆಲವೇ ವರ್ಷ. 2012, 2015ರ ಕಾರುಗಳು ಬೇಗನೆ ಹಳೆಯವಾಗುತ್ತವೆ, ಕೆಲವು ಆಗಲೇ ಆಗಿವೆ. ಅವುಗಳಲ್ಲಿ ಸುತ್ತಿಗೆ, ಸ್ಪ್ಯಾನರಿಗೆ ಬಗ್ಗದ ಕಂಪ್ಯೂಟರ್ ಪೆಟ್ಟಿಗೆಯಿದೆ, ಸೆನ್ಸರುಗಳಿವೆ. ಕಂಪನಿಯ ತಂತ್ರಾಂಶ ಕೈಗೆ ಸಿಗದಿದ್ದರೆ ಊರಿನ ಗ್ಯಾರೇಜು ಅವುಗಳನ್ನು ನೋಡಿಯೂ ನೋಡದಂತಿರಬೇಕಾಗುತ್ತದೆ. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು ಹದಿನಾಲ್ಕು ಕಾರು ಕಂಪನಿಗಳ ಮೇಲೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ಹೇರಿದ್ದು ಇದೇ ಕಾರಣಕ್ಕೆ: ಬಿಡಿಭಾಗಗಳನ್ನೂ ದೋಷ ಪತ್ತೆಹಚ್ಚುವ ಸಾಧನಗಳನ್ನೂ ಅವು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದಿದ್ದವು. ಇವುಗಳನ್ನು ಮುಕ್ತ ಮಾರುಕಟ್ಟೆಯಲ್ಲಿ ದೊರಕಿಸಬೇಕೆಂದು ಆಯೋಗ ಆದೇಶಿಸಿತು. ದಂಡದ ವಿಚಾರ ಮೇಲ್ಮನವಿಗಳ ಪಾಲಾಯಿತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿತು, ಆ ವರ್ಷದ ಡಿಸೆಂಬರ್‌ನಲ್ಲಿ ಅದಕ್ಕೆಂದೇ ಒಂದು ಜಾಲತಾಣವನ್ನೂ ತೆರೆಯಿತು. ಅದರಲ್ಲಿ ಕಾರಿನ ಜೊತೆಗೆ ಕೃಷಿ ಯಂತ್ರಗಳೂ ಸೇರಿವೆ. ನಮ್ಮ ಟಿಲ್ಲರು, ಟ್ರ್ಯಾಕ್ಟರುಗಳ ಗತಿಯೂ ಇದರಲ್ಲಿಯೇ ಇದೆ ಎಂಬುದನ್ನು ರೈತ ಸಂಘಟನೆಗಳು ಇನ್ನೂ ಅಷ್ಟಾಗಿ ಗಮನಿಸಿದಂತಿಲ್ಲ. ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್, ಮೋಟಾರು ವಾಹನ ಮೆಕ್ಯಾನಿಕ್ ಕಲಿಯುತ್ತಿರುವವರೂ ಕುಶಾಲನಗರದ ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜಿನವರೂ ರಜೆಯಲ್ಲಿ ಇಂಥ ಗ್ಯಾರೇಜುಗಳಿಗೆ ಹೋಗಿ, ಯಾವ ಕಾರಿನ ಯಾವ ದೋಷಕ್ಕೆ ಯಾವ ಸಾಧನ ಸಿಗದೆ ಕೆಲಸ ನಿಂತಿತೆಂದು ಬರೆದುಕೊಂಡು ಬಂದರೆ, ಹಕ್ಕಿನ ಮಾತಿಗೆ ಕೈಯಲ್ಲೊಂದು ದಾಖಲೆ ಸಿಗುತ್ತದೆ.

ನನ್ನ ಕಾರಿನ ನೋಂದಣಿ 2027ರಲ್ಲಿ ಮತ್ತೆ ನವೀಕರಣಕ್ಕೆ ಬರುತ್ತದೆ. ಅಷ್ಟರೊಳಗೆ ಇನ್ನೆರಡು ಆಷಾಢದ ಸರದಿಗಳನ್ನು ನಡೆಸುವ ಯೋಚನೆಯಿದೆ. ತೊರೆನೂರು, ಹೆಬ್ಬಾಲೆ, ಕೂಡಿಗೆಯ ಕಡೆಯವರು ಯಾವ ಮಾದರಿಯ ಗಾಡಿ, ಯಾವ ವರ್ಷದ್ದು, ಏನು ತೊಂದರೆ ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಯ ವಿಳಾಸಕ್ಕೆ ಕಳುಹಿಸಬೇಕು. ಹಳೆಯ ಗಾಡಿಯನ್ನು ಇಂದಿಗೂ ಮುಟ್ಟುವ ಮೇಸ್ತ್ರಿಗಳು ನಿಮ್ಮೂರಿನಲ್ಲಿದ್ದರೆ ಅವರ ಒಪ್ಪಿಗೆ ಪಡೆದು ತಿಳಿಸಿ. ಒಂದೇ ಎಂಜಿನ್ನಿನ ಐದು ಗಾಡಿಗಳು ಕೂಡಿದಲ್ಲಿ ಮೊದಲ ಸರದಿ.